ಕಟ್ಟಡದಡಿ ಉಳಿದ ದೀಪ

ಮೇಜಿನ ಮೇಲೆ ಗಾಜಿನ ಕಟ್ಟಡವನ್ನು ನಿಲ್ಲಿಸಿ ಸ್ವಿಚ್ ಒತ್ತಿದಾಗ, ಅದರ ಬುಡದಲ್ಲಿ, ಬೆಳಕು ಇರಬಾರದ ಕಡೆ, ಹಳದಿಯ ಒಂದು ಚುಕ್ಕೆ ಕಾಣಿಸಿತು. ಮೂಗಿ ಅದಕ್ಕೆ ಅಡ್ಡವಾಗಿ ನಿಂತಳು.

ಅವಳಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಅವಳ ಮಾತು ನಾಲಿಗೆಗೆ ಬರುವಷ್ಟರಲ್ಲಿ ಬೇರೆ ಯಾರೋ ಮಾತಾಡಿ ಮುಗಿಸಿರುತ್ತಿದ್ದರು, ಅಷ್ಟೇ. ಅದಕ್ಕೇ ಆ ಹೆಸರು.

ಮೇಸ್ತ್ರಿ, ಮೂಗಿ, ಮತ್ತೆ ಎಲ್ಲರೂ ಅಕ್ಕ ಎನ್ನುವ ಅಂಟಿನವಳು, ಈ ಮೂವರದು ಕೋಣೆಯಗಲದ ಮೇಜಿನ ಮೇಲೆ ನಗರದ ಪುಟ್ಟ ಮಾದರಿ ಮಾಡುವ ಕೆಲಸ. ಊರು ಬೆಳೆದಂತೆಲ್ಲ ಮಾದರಿಯೂ ಬೆಳೆಯಬೇಕು. ಆದರೆ ಹಲಗೆ ಮಾತ್ರ ಹಳೆಯದೇ. ಹಳೆಯ ಮನೆಗಳನ್ನು ಕಿತ್ತು, ಬೀದಿಗಳ ಮೇಲೆಯೇ ಹಾಲುಬಣ್ಣದ ಹಾಳೆ ಅಂಟಿಸಿ, ಹೊಸ ಕಟ್ಟಡ ನಿಲ್ಲಿಸುತ್ತಿದ್ದರು. ಅದಕ್ಕೆ ಮೊದಲು ಸಾಸಿವೆಕಾಳಿನಷ್ಟಿದ್ದ ಹಳೆಯ ಬಲ್ಬುಗಳ ತಂತಿ ಕತ್ತರಿಸಬೇಕು. ಈ ಸಲ ಹೊಳೆದಂಡೆಯ ಓಣಿ ಮೂಗಿಯ ಪಾಲಿಗೆ ಬಂದಿತ್ತು. ಎಲ್ಲ ಕತ್ತರಿಸಿ, ಒಂದನ್ನು ಬಿಟ್ಟಿದ್ದಳು.

ಅದು ಅಜ್ಜಿಯ ಮನೆಯದು. "ನೀನು ಬರೋತನಕ ಬಾಗಿಲ ದೀಪ ಆರ್ಸಲ್ಲ ಕಣೇ," ಎನ್ನುತ್ತಿದ್ದಳು ಅಜ್ಜಿ. ಎರಡು ವರ್ಷದ ಹಿಂದೆ, ಇದೇ ಹಲಗೆಗೆ ವಿಮಾನ ನಿಲ್ದಾಣ ಅಂಟಿಸುವ ಗಡಿಬಿಡಿಯಲ್ಲಿ ಮೂಗಿ ಮನೆಗೆ ಹೋಗುವುದು ತಡವಾಯಿತು. ದೀಪ ಉರಿಯುತ್ತಿತ್ತು. ಅದರ ಕೆಳಗೆ, ಮೆಟ್ಟಿಲ ಮೇಲೆ ಕೂತೇ ಇದ್ದ ಅಜ್ಜಿಯ ಕೈ ತಣ್ಣಗಾಗಿತ್ತು. ತಿಂಗಳೊಳಗೆ ಓಣಿಯೂ ನೆಲಸಮವಾಯಿತು. ಆ ದೀಪ ಆರಿಸಿದವರು ಯಾರೋ, ಅವಳಂತೂ ಅಲ್ಲ.

"ಏನೇ ಇದು?" ಮೇಸ್ತ್ರಿ ಬಗ್ಗಿ ನೋಡಿದ. "ನಾಲ್ಕಕ್ಕೆ ಹೊರದೇಶದವರು ಬರ್ತಾರೆ. ದೊಡ್ಡ ಬ್ಯಾಂಕಿನ ಬುಡದಲ್ಲಿ ಮಿಂಚುಹುಳ ಬಿಟ್ಟಿದ್ದೀಯಲ್ಲ!"

"ಹುಳ ಅಲ್ಲ ಮೇಸ್ತ್ರಿ, ಮನೆ ಖಾಲಿ ಮಾಡದ ಬಾಡಿಗೆದಾರ," ಎಂದು ಅಂಟು ಹಚ್ಚುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು.

"ನಿನಗೆ ತಮಾಷೆ. ಮೂಗೀ, ಕತ್ತರ್ಸು ಅದನ್ನ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಮೂಗಿ ಮೇಜಿನಡಿ ತೆವಳಿದಳು. ಅಜ್ಜಿಯನ್ನು ಎರಡನೇ ಸಲ ಬಿಟ್ಟುಹೋದಂತಾಗುತ್ತದೆ ಎಂದು ಯಾರಿಗೆ ಹೇಳುವುದು? ಕಣ್ಣು ಮುಚ್ಚಿ ತಂತಿ ಕತ್ತರಿಸಿದಳು.

ಮೇಲೆ ಅಕ್ಕ ಚೀರಿದಳು. ಹೊರಬಂದು ನೋಡಿದರೆ ಬ್ಯಾಂಕು, ಬಂದರು, ವಿಮಾನ ನಿಲ್ದಾಣ ಎಲ್ಲವೂ ಕತ್ತಲು. ತಂತಿ ಕತ್ತರಿಸಿದರೂ ಉರಿಯುತ್ತಿದ್ದದ್ದು ಅದೊಂದೇ ಚುಕ್ಕೆ.

ಮೇಸ್ತ್ರಿ ತಲೆ ಚಚ್ಚಿಕೊಂಡ. "ಆ ಹಳೇ ತಂತೀಲಿ ಕರೆಂಟು ಇರೋ ತುದಿ ಕೈಗೆ ಸಿಕ್ತು ಅಂತ ಹೊಸ ಊರನ್ನೆಲ್ಲ ಅದಕ್ಕೇ ಜೋಡಿಸ್ಬಿಟ್ಟಿದ್ದೆನಲ್ಲೇ! ಮತ್ತೆ ಸೇರ್ಸು, ಬೇಗ! ಬಂದೇ ಬಿಟ್ರು!"

ಸೇರಿಸಿದಳು. ಊರು ಹೊತ್ತಿಕೊಂಡಿತು.

ಹೊರದೇಶದವರನ್ನು ಕರೆತಂದ ಅಧಿಕಾರಿ ಕೋಲು ಹಿಡಿದು ಬ್ಯಾಂಕನ್ನು ತೋರಿಸಿದ. "ಇಲ್ಲಿ ಬೆಳಿಗ್ಗೆ ಒಂದು ಸಹಿ ಬಿದ್ರೆ, ಸಮುದ್ರದಾಚೆ ಮಧ್ಯಾಹ್ನಕ್ಕೆ ಕಾರ್ಖಾನೆ ತೆರೀಬೇಕು, ಇಲ್ಲಾ ಮುಚ್ಚಬೇಕು. ಜಗತ್ತು ನಮ್ಮ ಮಾತು ಕೇಳೋದು ಅಂದ್ರೆ ಹಾಗೆ."

ಬಂದವರಲ್ಲಿ ವಯಸ್ಸಾದ ಹೆಂಗಸೊಬ್ಬಳು ಮಾತ್ರ ಬಗ್ಗಿ ಬುಡವನ್ನೇ ನೋಡುತ್ತಿದ್ದಳು. ಏನೋ ಕೇಳಿದಳು.

"ಈ ಕಟ್ಟಡದ ಕೆಳಗೆ ಯಾರಿದ್ದಾರೆ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

"ಯಾರೂ ಇಲ್ಲ," ಎಂದ ಅಧಿಕಾರಿ.

"ಇದ್ದಾರೆ," ಎಂದಳು ಮೂಗಿ.

ಮೇಸ್ತ್ರಿ ತೋಳು ಹಿಡಿದೆಳೆದರೂ ಅವಳು ಮುಂದುವರಿಸಿದಳು. "ನಮ್ಮಜ್ಜಿ. ನಾನು ಬಂದದ್ದು ಅವಳಿಗಿನ್ನೂ ಗೊತ್ತಾಗಿಲ್ಲ, ಅದಕ್ಕೆ ದೀಪ ಆರ್ಸಿಲ್ಲ."

ದುಭಾಷಿ ಅಧಿಕಾರಿಯ ಮುಖ ನೋಡಿ ಅದನ್ನು ಅನುವಾದಿಸದೆ ಬಿಟ್ಟ. ಕೋಲು ಬಂದರಿನ ಕಡೆ ಸರಿಯಿತು.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಮೇಜಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತ. ಬ್ಯಾಂಕು ಆರಿತು. ಬಂದರು ಆರಿತು. ಬುಡದ ಚುಕ್ಕೆ ಉರಿಯುತ್ತಲೇ ಇತ್ತು. ಪ್ಲಗ್ಗು ಮೇಸ್ತ್ರಿಯ ಕೈಯಲ್ಲೇ ಇತ್ತು. ಅಕ್ಕ ಈ ಸಲ ನಗಲಿಲ್ಲ.

ಮೂಗಿ ಮೇಜಿನ ಅಂಚಿಗೆ ಗಲ್ಲವಿಟ್ಟು ಬಗ್ಗಿದಳು.

"ಬಂದೆ ಅಜ್ಜಿ," ಎಂದಳು, ಎಲ್ಲರಿಗೂ ಕೇಳುವಂತೆ.

ದೀಪ ಆರಿತು.