ಬೆನ್ನ ಮೇಲಿನ ಕೈ

ಮೂರು ತಿಂಗಳು ದಿನಾ ಸೈಕಲ್ ತುಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಸೆರೆಬ್ರಲ್ ಪಾಲ್ಸಿ ಇದ್ದ ಒಂಬತ್ತು ವರ್ಷದ ಯಿಸ್ಕೆಯ ಕಾಲಿನ ಬಲ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ. ಫಿಸಿಯೋಥೆರಪಿಸ್ಟ್ ಹಾರ್ಮನ್ ಅಳತೆಯ ಪಟ್ಟಿ ಬದಿಗಿಟ್ಟು ಅವಳ ತಾಯಿ ವೀಟ್ಸ್ಕೆಯನ್ನು ನೋಡಿದ.

"ಇವಳು ತುಳಿಯೋವಾಗ ನಿಮ್ಮ ಕೈ ಎಲ್ಲಿರುತ್ತೆ?"

"ಪಕ್ಕದಲ್ಲೇ ನನ್ನ ಸೈಕಲ್ ಮೇಲೆ ಬರ್ತೀನಲ್ಲ, ಇವಳ ಬೆನ್ನ ಮೇಲಿರುತ್ತೆ. ಇನ್ನೆಲ್ಲಿರಬೇಕು? ಸ್ಕೂಲಿನ ದಾರಿಯುದ್ದಕ್ಕೂ ಎದುರುಗಾಳಿ."

ಬಯಲುನಾಡಾದ ಫ್ರೀಸ್‌ಲ್ಯಾಂಡಿನ ಗಾಳಿಯಲ್ಲಿ ಮಗುವಿನ ಬೆನ್ನಿಗೆ ಕೈಕೊಟ್ಟು ತಳ್ಳದ ತಾಯಿಯೇ ಇಲ್ಲ. ವೀಟ್ಸ್ಕೆಯೂ ಹಾಗೆ ತಳ್ಳಿಸಿಕೊಂಡೇ ಬೆಳೆದವಳು.

"ಹಾಗಾದ್ರೆ ಮೂರು ತಿಂಗಳು ತುಳಿದಿದ್ದು ನೀವು," ಎಂದ ಹಾರ್ಮನ್.

ಚೀಸ್ ಕಾರ್ಖಾನೆಯ ಪಾಳಿ ಮುಗಿಸಿ ಬಂದಿದ್ದ ಅವಳಿಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಅವಳು ಆ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡಳು. ಯಿಸ್ಕೆಯ ಮೂರು ಚಕ್ರದ ಸೈಕಲ್ ಬಸವನಹುಳುವಿನಂತೆ ತೆವಳಿತು. ಅಷ್ಟು ನಿಧಾನಕ್ಕೆ ಎರಡು ಚಕ್ರದ ಸೈಕಲ್ ನೆಟ್ಟಗೆ ನಿಲ್ಲುವುದುಂಟೇ? ವೀಟ್ಸ್ಕೆ ಎರಡು ಸಲ ವಾಲಿ ನೀರಿನ ಕಡೆಗೇ ಹೋಗಿಬಂದಳು.

"ಅಮ್ಮಾ, ಕೈ ಇಡು," ಎಂದಳು ಯಿಸ್ಕೆ, ಏದುಸಿರು ಬಿಡುತ್ತ.

"ಇಡಲ್ಲ. ಹಾರ್ಮನ್ ಹೇಳಿದ್ದು ನೀನೂ ಕೇಳಿಸ್ಕೊಂಡೆ."

"ತಳ್ಳೋಕಲ್ಲಮ್ಮ. ನಂದು ಮೂರು ಚಕ್ರ, ನಾನು ಬೀಳಲ್ಲ. ನೀನು ಬಿದ್ದುಗಿದ್ದೀಯ, ನನ್ನ ಹಿಡ್ಕೋ."