ಕ್ವಾರಿ ರಸ್ತೆಯಲ್ಲಿ ಗಾಡಿ ಇರಲಿಲ್ಲ

ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಅಪ್ಪನಿಗೆ ಮಗಳ ಕಾರಿನಲ್ಲಿದ್ದ ದಾರಿ ತೋರಿಸುವ ಪರದೆ ಅಂದರೆ ಅಷ್ಟಕ್ಕಷ್ಟೆ. ಕಾರು ಸೆಕೆಂಡ್ ಹ್ಯಾಂಡು, ಮನೆಗೆ ಬಂದು ತಿಂಗಳಾಗಿತ್ತು. ಎಲ್ಲಿ ತಿರುಗಬೇಕೆಂದು ಹೇಳುವ ಹೆಣ್ಣುದನಿಗೆ ಅವನು ‘ಕಂಡಕ್ಟರಮ್ಮ’ ಅಂತ ಹೆಸರಿಟ್ಟಿದ್ದ. “ಸೀಟಿ ಒಂದು ಊದಲ್ಲ, ಅಷ್ಟೆ” ಎಂದು ನಗುತ್ತಿದ್ದ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ಮಗಳಿಗೋ ಅದರ ಮೇಲೆ ಪೂರ್ತಿ ಭರವಸೆ. ಯಾವ ರಸ್ತೆಯಲ್ಲಿ ಜಾಮ್ ಆಗಿದೆಯೆಂದು ಅದು ಆಗಿಂದಾಗಲೇ ಕೆಂಪು ಗೆರೆ ಎಳೆದು ತೋರಿಸುತ್ತಿತ್ತು. ಈ ಒಂದು ತಿಂಗಳಲ್ಲಿ ಅವಳು ಒಂದು ದಿನವೂ ಕೆಲಸಕ್ಕೆ ತಡವಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಎದ್ದ ಅಪ್ಪ ಎದೆ ಹಿಡಿದುಕೊಂಡು ಬಾಗಿಲ ಬಳಿ ಕುಸಿದ. ಆಂಬುಲೆನ್ಸ್‌ನವರು ಮುಕ್ಕಾಲು ಗಂಟೆಯಾದರೂ ಬೇಕು ಅಂದರು. ತಾಯಿ ಮಗಳು ಸೇರಿ ಅವನನ್ನು ಹೇಗೋ ಮುಂದಿನ ಸೀಟಿನಲ್ಲಿ ಒರಗಿಸಿದರು. ಅಮ್ಮ ಹಿಂದೆ ಕೂತು ಅವನ ಭುಜ ಹಿಡಿದುಕೊಂಡಳು.

ಆಸ್ಪತ್ರೆ ಇದ್ದದ್ದು ನದಿಯ ಆಚೆ. ಪರದೆಯಲ್ಲಿ ಹೊಸ ಸೇತುವೆಯ ದಾರಿ ಉದ್ದಕ್ಕೂ ಕೆಂಪಾಗಿತ್ತು, ಮೂವತ್ತೆಂಟು ನಿಮಿಷ. ಹಳೇ ಸೇತುವೆಗೆ ಹೋಗುವ ಕ್ವಾರಿ ರಸ್ತೆಯ ಮೇಲೆ ಕೆಂಪಿನ ಸುಳಿವೇ ಇಲ್ಲ. ಇಪ್ಪತ್ತೊಂದು ನಿಮಿಷ.

“ಹೊಸ ಸೇತುವೆ ಮೇಲೇ ಹೋಗು ಪುಟ್ಟಿ,” ಅಪ್ಪ ಉಸಿರು ಎಳೆದುಕೊಂಡು ಹೇಳಿದ. “ಅಲ್ಲಿ ಸಿಕ್ಕಾಕ್ಕೊಂಡ್ರೂ ಜನ ಇರ್ತಾರೆ. ದಾರಿ ಬಿಡ್ತಾರೆ.”

“ಪೂರ್ತಿ ಕೆಂಪಿದೆ ಅಪ್ಪ. ನೀನು ಮಾತಾಡ್ಬೇಡ, ಸುಮ್ನಿರು.”

ಅವಳು ಕ್ವಾರಿ ರಸ್ತೆಗೆ ತಿರುಗಿಸಿದಳು. ರಸ್ತೆ ಖಾಲಿ. ಸದ್ಯ ಬದುಕಿದೆವು ಅನ್ನಿಸಿ ಅವಳು ವೇಗ ಹೆಚ್ಚಿಸಿದಳು. ಎರಡು ಮೈಲಿ ಕಳೆದ ಮೇಲೆ ಅಪ್ಪ ಕಣ್ಣು ತೆರೆದ.

“ಎದುರಿಂದ ಒಂದು ಗಾಡೀನೂ ಬರ್ತಿಲ್ವಲ್ಲೇ.”

“ಒಳ್ಳೇದೇ ಆಯ್ತಲ್ಲ ಅಪ್ಪ.”

ಮುಂದಿನ ತಿರುವಿನಲ್ಲಿ ಅಡ್ಡಲಾಗಿ ನಾಲ್ಕು ಡ್ರಮ್ಮು ಇಟ್ಟಿದ್ದರು. ಅದರಾಚೆ ಮೋರಿ ಕುಸಿದು ರಸ್ತೆಯೇ ಇರಲಿಲ್ಲ. “ನೇರವಾಗಿ ಮುಂದುವರಿಯಿರಿ” ಎಂದಿತು ಕಾರು.

ಒಂದು ಕಡೆ ಬಂಡೆ, ಇನ್ನೊಂದು ಕಡೆ ಕ್ವಾರಿಯ ಗುಂಡಿ. ಅವಳಿಗೆ ರಿವರ್ಸ್ ಗೇರೇ ಬೀಳುತ್ತಿರಲಿಲ್ಲ. ಆಗ ಅಪ್ಪನ ದನಿ ಕೇಳಿಸಿತು, ಡಿಪೋದಲ್ಲಿ ಹೊಸಬರಿಗೆ ಕಲಿಸುವ ಹಾಗೆ ನಿಧಾನವಾಗಿ. “ಗಾಬರಿ ಆಗ್ಬೇಡ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗ್ಸು. ಬರ್ಲಿ... ಬರ್ಲಿ... ಹೋಲ್ಡ್. ಈಗ ಬಲಕ್ಕೆ.” ಮೂರು ಸಲ ಹಿಂದೆ ಮುಂದೆ ಮಾಡಿ ಕಾರು ತಿರುಗಿತು. “ಹಾಂ, ರೈಟ್” ಅಂದ. ಮತ್ತೆ ಮಾತಾಡಲಿಲ್ಲ.

ಅವಳು ಹಾರ್ನಿನಿಂದ ಕೈ ತೆಗೆಯದೆ ಹೊಸ ಸೇತುವೆಗೆ ಬಂದಳು. ಹಾಲಿನ ವ್ಯಾನಿನ ಡ್ರೈವರ್ ಇಣುಕಿ ನೋಡಿದವನೇ ಕೆಳಗಿಳಿದು, ಗಾಡಿಗಳ ಬಾನೆಟ್ ಬಡಿಯುತ್ತಾ ಮುಂದೆ ಮುಂದೆ ಓಡಿದ. ಎಲ್ಲರೂ ಪಕ್ಕಕ್ಕೆ ಸರಿದರು. ಆ ಸೇತುವೆ ದಾಟಲು ಅವರಿಗೆ ಹಿಡಿದದ್ದು ಒಂಬತ್ತು ನಿಮಿಷ.

ಡಾಕ್ಟರು ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದು, ಜೀವ ಹೋಗಿದೆ ಅಂದರು. “ಮೊದಲೇ ಹೊಸ ಸೇತುವೆ ದಾರೀಲಿ ಬಂದಿದ್ರೆ?” ಎಂದು ಅವಳು ಕೇಳಿದಳು. ಅವರು ಗೋಡೆಯ ಗಡಿಯಾರ ನೋಡಿ, “ಹೇಳೋಕಾಗಲ್ಲಮ್ಮ” ಅಂದರು.

ಎರಡು ವಾರದ ಮೇಲೆ ಅವಳು ಕಾರನ್ನು ವರ್ಕ್‌ಶಾಪಿಗೆ ಒಯ್ದಳು. ನ್ಯಾವಿಗೇಷನ್ ಕೆಟ್ಟಿದೆ, ನೋಡಿ ಅಂದಳು. ಮೆಕ್ಯಾನಿಕ್ ಅರ್ಧ ಗಂಟೆ ಪರಿಶೀಲಿಸಿದ.

“ಕೆಟ್ಟಿಲ್ಲ ಮೇಡಂ. ಕೆಂಪಿದ್ರೆ ಗಾಡಿಗಳು ನಿಂತಿವೆ ಅಂತ. ಹಸಿರಿದ್ರೆ ಓಡ್ತಿವೆ ಅಂತ. ಬಣ್ಣನೇ ಇಲ್ಲ ಅಂದ್ರೆ ಆ ರಸ್ತೆ ವಿಷಯ ಇದಕ್ಕೆ ಏನೂ ಗೊತ್ತಿಲ್ಲ ಅಂತ. ಗಾಡಿ ಓಡಾಡಿದ್ರೆ ತಾನೇ ಸುದ್ದಿ ಬರೋದು?”

ಕ್ವಾರಿ ರಸ್ತೆ ಅವತ್ತು ಹಸಿರಾಗಿತ್ತೇ? ಇರಲಿಲ್ಲ. ಅದು ಬೂದು ಗೆರೆಯಾಗಿತ್ತು. ಕೆಂಪಿಲ್ಲ ಎನ್ನುವುದನ್ನಷ್ಟೇ ಅವಳು ನೋಡಿದ್ದಳು.

ಮನೆಗೆ ಬಂದು ಅಮ್ಮನ ಮುಂದೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. ಅಮ್ಮ ಅಪ್ಪನ ಅಂಗಿಗಳನ್ನು ಮಡಿಸುತ್ತಿದ್ದಳು.

“ನಂಗೆ ಬಣ್ಣಗಿಣ್ಣ ಗೊತ್ತಾಗಲ್ಲ,” ಅಂದಳು ತಲೆಯೆತ್ತದೆ. “ಆದ್ರೆ ನಿಮ್ಮಪ್ಪ ಹೇಳಿದ್ದು ನಂಗೂ ಕೇಳಿಸ್ತಲ್ಲ. ಅವರ ಮಾತು ಕೇಳು ಅಂತ ನಾನೊಂದು ಮಾತು ಅನ್ನಲಿಲ್ಲ. ಹಿಂದೆ ಸುಮ್ನೆ ಕೂತಿದ್ದೆ.”

ಮಗಳು ಅಮ್ಮನ ಕೈ ಹಿಡಿಯಲು ಹೋದಳು. ಅಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಇನ್ನೊಂದು ಅಂಗಿ ಎತ್ತಿಕೊಂಡಳು.