ಮೂರು ಎಣಿಸುವಷ್ಟು ಹೊತ್ತು

ನನ್ನ ಮಗಳು ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಾಳೆ. ಕಂಡವರ ಪುಸ್ತಕ ಓದಿ ತಲೆ ಕೆಡಿಸಿಕೊಳ್ಳುವ ಜಾಯಮಾನ ಅವಳದಲ್ಲ. ಅಂಥವಳು ಗುರುವಾರ ಸಂಜೆ ಚಪ್ಪಲಿ ಬಿಡುವ ಮೊದಲೇ ಒಂದು ಹಾಳೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಅಮ್ಮಾ, ಇದು ನೀನೇನಾ?"

ಹಳೆಯ ಯುದ್ಧವಿಮಾನಗಳ ಅಭಿಮಾನಿಗಳದೊಂದು ಸಂಘವಿದೆ. ಅವರು ತರುತ್ತಿರುವ ನೆನಪಿನ ಪುಸ್ತಕದ ಪುಟ ಅದು. ಬರೆದವರು ಕ್ಯಾಪ್ಟನ್. ಒಂದು ಕಾಲದಲ್ಲಿ ನಮ್ಮ ವಾಯುನೆಲೆಯಲ್ಲಿ ತರಬೇತಿ ವಿಮಾನ ಹಾರಿಸುತ್ತಿದ್ದವರು, ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಹೋಗಿ ದೊಡ್ಡವರಾದರು. ಎಂಜಿನ್‌ಗೆ ಬೆಂಕಿ ಹತ್ತಿದಾಗ ಪ್ಯಾರಾಚೂಟ್ ನಂಬಿ ಹಾರಿ ಬದುಕಿದ ಕಥೆಯನ್ನು ರಸವತ್ತಾಗಿ ಬರೆದಿದ್ದರು. ನಡುವೆ ಈ ಮಾತು: 'ಹಗ್ಗಗಳೆಲ್ಲ ಗೋಜಲಾಗಿದ್ದವು. ಮಡಿಸುವ ಕೋಣೆಯ ಯಾವಳೋ ಹುಡುಗಿ ಹರಟೆ ಹೊಡೆಯುತ್ತ ಮಡಿಸಿರಬೇಕು. ಅವಳು ನನ್ನನ್ನು ಕೊಲ್ಲಲು ನೋಡಿದಳು, ನನ್ನ ಸಮಯಸ್ಫೂರ್ತಿ ನನ್ನನ್ನು ಉಳಿಸಿತು.'

ಆ ಯಾವಳೋ ಹುಡುಗಿ ನಾನೇ. ಮೈಯೆಲ್ಲ ಉರಿದುಹೋಯಿತು.

"ಬಿಡಮ್ಮ, ಇದನ್ನ ಯಾರು ಓದ್ತಾರೆ? ಐನೂರೇ ಪ್ರತಿ," ಎಂದಳು ಮಗಳು.

"ಐನೂರು ಮನೇಲಿ ನಿಮ್ಮಮ್ಮ ಕೊಲೆಗಾತಿ ಅಂತ ಕೂತಿರತ್ತೆ. ನಿನಗೆ ಪರವಾಗಿಲ್ವೇನೇ?"

"ನನ್ನ ಮೇಲ್ಯಾಕೆ ಹಾರ್ತೀಯ? ಸೋಮವಾರ ಅಚ್ಚಿಗೆ ಹೋಗತ್ತೆ. ಸಾಲು ತೆಗೀಬೇಕು ಅಂದ್ರೆ ಸಂಘದವರ ಬಾಯಲ್ಲೇ ಬರಬೇಕು."

"ಬರಿಸ್ತೀನಿ," ಎಂದೆ.

ಪ್ಯಾರಾಚೂಟ್ ಮಡಿಸುವ ಕೋಣೆ ಎಂದರೆ ಏನೆಂದುಕೊಂಡಿದ್ದಾರೆ ಇವರು? ಆಳೆತ್ತರದ ಕಿಟಕಿಗಳು, ಗೋಡೆಯಿಂದ ಗೋಡೆಗೆ ಚಾಚಿದ ನುಣುಪು ಮೇಜುಗಳು. ಬಟ್ಟೆಗೆ ಸಿಕ್ಕೀತೆಂದು ಬಳೆ, ಉಂಗುರ ಬಾಗಿಲಲ್ಲೇ ಬಿಚ್ಚಿಡಬೇಕು. ಇಪ್ಪತ್ತೆಂಟು ಹಗ್ಗಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಬೇಕು, ಗಾಳಿಯಲ್ಲಿ ಅರಳುವ ಕೊಡೆಯ ಬಟ್ಟೆಯನ್ನು ನೆರಿಗೆ ಹಿಡಿದು ಮರಳಿನ ಚೀಲವಿಟ್ಟು ಒತ್ತಬೇಕು. ಮುಗಿದ ಮೇಲೆ ಒಂದು ಚೀಟಿಯಲ್ಲಿ ತಾರೀಖು ಹಾಕಿ ಸಹಿ ಮಾಡಿ, ಆ ಚೀಟಿಯನ್ನು ಪ್ಯಾರಾಚೂಟಿನ ಜೇಬಿಗೇ ಸೇರಿಸಬೇಕು. ತಪ್ಪಾದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಹುಡುಕುವ ಕಷ್ಟ ಯಾರಿಗೂ ಬೇಡ.

ಒಂದು ಸಂಪ್ರದಾಯವೂ ಇತ್ತು. ಪ್ಯಾರಾಚೂಟಿನಿಂದ ಬದುಕಿದ ಪೈಲಟ್ ನಮ್ಮ ಕೋಣೆಗೆ ಬಂದು, ಅದನ್ನು ಮಡಿಸಿದವಳ ಕೈ ಕುಲುಕಿ ಹೋಗುತ್ತಿದ್ದ. ನಾನಿದ್ದಾಗ ಮೂವರು ಬಂದಿದ್ದರು. ಒಬ್ಬನಂತೂ ಪಕ್ಕದ ಮೇಜಿನವಳ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ. ನನ್ನ ಸರದಿ ಬಂದಾಗ ಪೈಲಟ್ ಬರಲಿಲ್ಲ, ತನಿಖೆಯ ಕಾಗದ ಬಂತು. ನಿಯಮದಂತೆ ಹಾರಿ, ಮೂರು ಎಣಿಸಿ, ಪ್ಯಾರಾಚೂಟಿನ ಹಿಡಿ ಎಳೆದೆನೆಂದು ಕ್ಯಾಪ್ಟನ್ ಬರೆದುಕೊಟ್ಟಿದ್ದರಂತೆ. ಹಾಗಾದರೆ ತಪ್ಪು ಯಾರದು? ಮಡಿಸಿದವಳದು. ನನಗೆ ಇಪ್ಪತ್ನಾಲ್ಕು ವಯಸ್ಸು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಉಗ್ರಾಣಕ್ಕೆ ಹಾಕಿದರು. ಮೂವತ್ತನಾಲ್ಕು ವರ್ಷ ಕಂಬಳಿ ಮತ್ತು ಬೂಟು ಎಣಿಸಿ ಕೊಟ್ಟೆ. ಮತ್ತೆ ಪ್ಯಾರಾಚೂಟ್ ಮುಟ್ಟಲು ಬಿಡಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಅನುಮಾನವಿತ್ತು. ಅವತ್ತು ಬೆಳಿಗ್ಗೆ ಪಕ್ಕದ ಮೇಜಿನವಳು ಭಾವೀ ಅತ್ತೆ ನಡೆಯುವ ಚಂದವನ್ನು ಆಡಿ ತೋರಿಸಿದ್ದಳು, ನಾವೆಲ್ಲ ನಕ್ಕಿದ್ದೆವು. ಆ ನಗುವಿನಲ್ಲಿ ನನ್ನ ಕೈ ತಪ್ಪಿತೇ? ಮನೆಯಲ್ಲಿ ಹಾಸಿಗೆಯ ಚಾದರ ಮಡಿಸುವಾಗಲೂ ನನಗೆ ಅದೇ ಯೋಚನೆ. ಒಬ್ಬ ಮನುಷ್ಯನನ್ನು ನಾನು ಕೊಲ್ಲುತ್ತಿದ್ದೆನೇ ಎಂದು ನಲವತ್ತೊಂದು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಆದ್ದರಿಂದಲೇ ಭಾನುವಾರ ಸಂಘಕ್ಕೆ ಹೊರಟಾಗ ಜಗಳದ ಮನಸ್ಸಿರಲಿಲ್ಲ. ಆ ಒಂದು ಸಾಲು ತೆಗೆಯಿರಿ ಎಂದು ಬೇಡಿಕೊಂಡು ಬರುವುದೆಂದೇ ಹೊರಟಿದ್ದೆ.

ಸಂಘದ ಕೂಟ ನಡೆಯುವುದು ತಗಡಿನ ದೊಡ್ಡ ಶೆಡ್ಡಿನಲ್ಲಿ. ಎಂಜಿನ್ ಇಲ್ಲದ ಹಳೆಯ ತರಬೇತಿ ವಿಮಾನವೊಂದು ಹೊಸ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತ್ತು. ಸುತ್ತ ಮೂವತ್ತು ಕುರ್ಚಿ. ಕಾರ್ಯದರ್ಶಿಗೆ ಕನ್ನಡಕದ ಅಂಗಡಿಯಿದೆ. ಒಂದು ರೆಕ್ಕೆಗೆ ಎಷ್ಟು ಮೊಳೆ ಬಡಿದಿದ್ದಾರೆಂದು ನಿದ್ದೆಯಲ್ಲೂ ಹೇಳಬಲ್ಲ ಆಸಾಮಿ. ಉಳಿದವರೂ ಹಾಗೆಯೇ, ವಿಮಾನದ ಹುಚ್ಚು. ಆದರೆ ಹಾರಿದವನು ಬಾಯಿ ತೆರೆದರೆ ಸಾಕು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಗೋಡೆಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಆ ಪ್ಯಾರಾಚೂಟ್ ಇತ್ತು. ತನಿಖೆ ಮುಗಿದ ಮೇಲೆ ಕ್ಯಾಪ್ಟನ್ ಕೇಳಿ ಪಡೆದು ಸಂಘಕ್ಕೆ ಕೊಟ್ಟದ್ದಂತೆ. ಪಕ್ಕದಲ್ಲಿ ಪಿನ್ನು ಚುಚ್ಚಿದ ಹಳದಿ ಚೀಟಿ, ಬರೆದ ಕೊನೆಯ ಸಾಲಿನಲ್ಲಿ ನನ್ನ ಸಹಿ, ಅದರ ಕೆಳಗಿನ ಸಾಲು ಖಾಲಿ. ಬಟ್ಟೆಯನ್ನು ಅಗಸರ ಗಂಟಿನ ಹಾಗೆ ತುರುಕಿದ್ದರು. ಅದನ್ನು ಕಂಡೇ ಅರ್ಧ ಸಿಟ್ಟು ನೆತ್ತಿಗೇರಿತು.

ಕ್ಯಾಪ್ಟನ್ ಎದ್ದು ನಿಂತು ಬಿಳಿ ಮೀಸೆ ಸವರಿದರು. ಬೆಂಕಿ, ಹೊಗೆ, ರೆಕ್ಕೆಯ ಮೇಲೆ ತೆವಳಿದ್ದು ಎಲ್ಲ ಆಯಿತು. ಆಮೇಲೆ ಹೇಳಿದರು:

"ಪುಸ್ತಕದಲ್ಲೇನೋ ಹಾರು, ಮೂರು ಎಣಿಸು, ಆಮೇಲೆ ಎಳಿ ಅಂತಿರತ್ತೆ. ಎಣಿಸ್ತಾ ಕೂತ್ರೆ ನೇರ ಸ್ಮಶಾನ! ಕಾಲು ರೆಕ್ಕೆ ಬಿಡ್ತೋ ಇಲ್ವೋ, ಎಳೆದೇಬಿಟ್ಟೆ. ಬುಗುರಿ ಥರ ತಿರುಗ್ತಾನೇ ಎಳೆದೆ!"

ಚಪ್ಪಾಳೆ ಬಿತ್ತು. ನಾನು ಕುರ್ಚಿಯ ಅಂಚಿಗೆ ಸರಿದು ಕೂತೆ.

"ಮೇಲೆ ನೋಡಿದ್ರೆ ಹಗ್ಗ ಎಲ್ಲಾ ಜಡೆ ಹಾಗೆ ಹೆಣ್ಕೊಂಡಿದೆ. ಆ ಹುಡುಗಿ ಪುಣ್ಯ! ಕಾಲು ಒದ್ದು ಒದ್ದು ಉಲ್ಟಾ ತಿರುಗಿದೆ ನೋಡಿ, ಒಂದೊಂದೇ ಸುತ್ತು ಬಿಚ್ಕೊಂಡು ಕೊಡೆ ಫಟ್ ಅಂತ ಅರಳ್ತು."

ಬಿಚ್ಚಿಕೊಂಡಿತು! ಆ ಒಂದು ಮಾತು ಸಾಕಾಯಿತು. ಬೇಡಿಕೊಳ್ಳಲು ಬಂದವಳು ನಾನೆನ್ನುವುದೇ ಮರೆತುಹೋಯಿತು. ಎದ್ದು ಹೋಗಿ ಗಾಜಿನ ಪೆಟ್ಟಿಗೆಯ ಬಾಗಿಲು ತೆಗೆದೆ.

ಕಾರ್ಯದರ್ಶಿ ಓಡಿಬಂದ. "ಅಮ್ಮಾ ಅಮ್ಮಾ, ಅದನ್ನ ಮುಟ್ಟೋ ಹಾಗಿಲ್ಲ!"

"ನಾನು ಮುಟ್ಟಿದ್ದಕ್ಕೇ ಅಲ್ವೇನಪ್ಪಾ ನೀವು ಗಾಜಲ್ಲಿ ಇಟ್ಟಿರೋದು? ಆ ಸಹಿ ನಂದು. ಹರಟೆ ಹೊಡೆಯೋ ಹುಡುಗಿ ನಾನೇ."

ಚಹಾದ ಲೋಟಗಳನ್ನು ಸರಿಸಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. ಕೊಡೆಯ ಅಂಚಿನ ಮೇಲೆ ಅಲ್ಲಿದ್ದ ಹಳೆಯ ವಿಮಾನ ಪತ್ರಿಕೆಗಳ ಕಟ್ಟುಗಳನ್ನು ಹೇರಿದೆ. ಹಗ್ಗಗಳ ತುದಿಯ ಪಟ್ಟಿಯನ್ನು ಕ್ಯಾಪ್ಟನ್ ಕೈಗೆ ಕೊಟ್ಟೆ. ಏನೋ ತಮಾಷೆಯ ಆಟವೆಂದುಕೊಂಡು ಅವರು ನಗುತ್ತಲೇ ಹಿಡಿದರು.

"ಎದೆಗೆ ಒತ್ತಿ ಹಿಡ್ಕೊಳಿ ಸಾರ್. ಈಗ ಬುಗುರಿ ಥರ ತಿರುಗಿ, ಅವತ್ತು ತಿರುಗಿದ ಹಾಗೇ."

ಅವರು ನಾಲ್ಕು ಸುತ್ತು ತಿರುಗಿದರು. ಹಗ್ಗಗಳು ಜಡೆಯಾದವು.

"ಉಲ್ಟಾ ತಿರುಗಿ."

ತಿರುಗಿದರು. ಜಡೆ ಬಿಚ್ಚಿಕೊಂಡಿತು, ಇಪ್ಪತ್ತೆಂಟೂ ಹಗ್ಗ ನೇರವಾದವು. ಆಮೇಲೆ ನಾನು ಒಂದು ಹಿಡಿ ಹಗ್ಗ ಎತ್ತಿ, ಕೊಡೆಯ ಅಂಚನ್ನೇ ಅದರ ನಡುವೆ ತೂರಿಸಿ ಹೊರಗೆಳೆದೆ.

"ಕೆಟ್ಟದಾಗಿ ಮಡಿಸೋದು ಅಂದ್ರೆ ಇದು. ಈಗ ಬಿಡಿಸಿ ನೋಡೋಣ."

ಕ್ಯಾಪ್ಟನ್ ಈ ಕಡೆ ತಿರುಗಿದರು, ಆ ಕಡೆ ತಿರುಗಿದರು. ಗಂಟು ಇನ್ನೂ ಬಿಗಿಯಾಯಿತು. ಅವರ ಮುಖದ ನಗು ಇಳಿಯಿತು.

"ಮಡಿಸಿದ ತಪ್ಪು ಗಾಳೀಲಿ ಒದ್ದಾಡಿದ್ರೆ ಬಿಚ್ಕೊಳಲ್ಲ ಸಾರ್. ಬಿಚ್ಕೊಂಡಿದ್ದು ನಿಮ್ಮ ಆತುರದ ಸುತ್ತು. ಮೂರು ಎಣಿಸಿದ್ರೆ ಮೈ ಸ್ಥಿಮಿತಕ್ಕೆ ಬರ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನನ್ನ ಜೀವನ ಪೂರ್ತಿ ಆ ಡೊಂಕು ನೆಲ ನಾನಾಗಿದ್ದೆ. ತನಿಖೆಯವರಿಗೆ ಎಣಿಸಿದೆ ಅಂತ ಬರ್ಕೊಟ್ಟವರು ಯಾರು? ಈಗ ಎಣಿಸ್ಲಿಲ್ಲ ಅಂತ ಚಪ್ಪಾಳೆ ಹೊಡೆಸಿಕೊಳ್ತಿರೋರು ಯಾರು?"

"ಅಮ್ಮಾ, ಆಯ್ತಮ್ಮ, ಹಳೇ ಕಥೆ. ತಪ್ಪಾಯ್ತು, ಬಿಟ್ಟುಬಿಡಿ." ಪಟ್ಟಿಯನ್ನು ಕೆಳಗಿಟ್ಟು ಸರಸರನೆ ಕೈ ಚಾಚಿದರು. ನಲವತ್ತೊಂದು ವರ್ಷ ನಾನು ಕಾದಿದ್ದ ಕೈ. ತಿಂಡಿ ತಟ್ಟೆ ಎತ್ತಿಟ್ಟಷ್ಟು ಸಲೀಸಾಗಿ ಮುಗಿಸಿಬಿಡುವವರಿದ್ದರು.

"ಈಗಲೂ ಆತುರಾನೇ?" ಎಂದು ಕೂಗಿದೆ. ನನ್ನ ದನಿ ತಗಡಿಗೆ ಬಡಿದು ವಾಪಸು ಬಂತು. "ಮೊದಲು ಮೂರು ಎಣಿಸಿ. ಆಮೇಲೆ ಇವರ ಮುಂದೆ ಇದ್ದಿದ್ದು ಇದ್ದ ಹಾಗೆ ಹೇಳಿ."

ಕ್ಯಾಪ್ಟನ್ ಸುತ್ತ ನೋಡಿದರು. ಮೂವತ್ತು ಜನ ಅಭಿಮಾನಿಗಳಲ್ಲಿ ಒಬ್ಬನೂ ಅವರ ನೆರವಿಗೆ ಬರಲಿಲ್ಲ.

"ಒಂದು," ಎಂದರು. "ಎರಡು." ಮೀಸೆ ಸವರಲು ಹೋಗಿ ಕೈ ಇಳಿಸಿದರು. "ಮೂರು. ನಾನು ಎಣಿಸಿರ್ಲಿಲ್ಲ. ಎಣಿಸ್ಲಿಲ್ಲ ಅಂತ ಬರೆದಿದ್ರೆ ನನ್ನನ್ನ ವಿಮಾನದ ಹತ್ರ ಬಿಡ್ತಿರ್ಲಿಲ್ಲ. ಅದಕ್ಕೇ ಸುಳ್ಳು ಬರೆದೆ. ಇವರು ಸರಿಯಾಗೇ ಮಡಿಸಿದ್ರು."

ಕಾರ್ಯದರ್ಶಿ ಆಗಲೇ ಹಾಳೆ ತೆಗೆದು ಬರೆದುಕೊಳ್ಳುತ್ತಿದ್ದ. "ಆ ಸಾಲು ತೆಗೆದುಬಿಡ್ತೀನಮ್ಮ," ಎಂದ.

"ತೆಗೀಬೇಡ. ಅದರ ಕೆಳಗೆ ಇದನ್ನ ಹಾಕು."

ಮೂರು ಎಣಿಸಲು ಹಿಡಿದದ್ದು ಅಷ್ಟೇ ಹೊತ್ತು, ಮತ್ತೆ ಮಡಿಸಲು ಅಷ್ಟು ಸಾಲದು. ನಾನು ಗಂಟು ಬಿಡಿಸಿ, ಹಗ್ಗಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದೆ. ಪಟ್ಟಿಯ ತುದಿಯನ್ನು ಕ್ಯಾಪ್ಟನ್ ಅವರೇ ಹಿಡಿದು ನಿಲ್ಲಬೇಕಾಯಿತು. ಒಂದು ಗಂಟೆ ನಿಲ್ಲಿಸಿದೆ. ಬೆರಳುಗಳು ಒಂದು ನೆರಿಗೆಯನ್ನೂ ಮರೆತಿರಲಿಲ್ಲ. ಅದು ಗೊತ್ತಾದಾಗ ಸಮಾಧಾನದ ಬದಲು ಇನ್ನಷ್ಟು ಸಿಟ್ಟು ಬಂತು. ಈ ಬೆರಳುಗಳಿಂದ ನಾನು ಮೂವತ್ತನಾಲ್ಕು ವರ್ಷ ಬೂಟು ಎಣಿಸಿದ್ದೆ.

ಕೊನೆಗೆ ಕಾರ್ಯದರ್ಶಿಯ ಪೆನ್ನು ಇಸಿದುಕೊಂಡು ಹಳದಿ ಚೀಟಿಯ ಖಾಲಿ ಸಾಲಿನಲ್ಲಿ ಈ ಭಾನುವಾರದ ತಾರೀಖು ಹಾಕಿ ಸಹಿ ಮಾಡಿದೆ. ಮೇಲಿನ ಸಹಿ, ಕೆಳಗಿನ ಸಹಿ, ಎರಡೂ ಒಂದೇ ಥರ ಇದ್ದವು. ಕ್ಯಾಪ್ಟನ್ ಮತ್ತೊಮ್ಮೆ ಕೈ ಚಾಚಿದರು, ಈ ಸಲ ನಿಧಾನವಾಗಿ. ನಾನು ಆ ಕೈಗೆ ಪೆನ್ನಿನ ಮುಚ್ಚಳ ಕೊಟ್ಟು, ಬ್ಯಾಗು ಎತ್ತಿಕೊಂಡು ಹೊರಟುಬಂದೆ.